ಹೊಟ್ಟೆಯೊಳಗೇ ಸೂಕ್ಷ್ಮದರ್ಶಕ: ಎಂಡೋಮೈಕ್ರೋಸ್ಕೋಪಿ ಎಂದರೇನು?

ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ರಾಗಿಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಅನ್ನನಾಳ ಕಿರಿದಾಗುತ್ತಿದ್ದರೆ ಮೊದಲು ಗೊತ್ತಾಗುವುದೂ ಮುದ್ದೆಯಿಂದಲೇ. ತುತ್ತು ಎದೆಯಲ್ಲಿ ನಿಂತಂತಾಗುತ್ತದೆ, ಮೇಲೆ ನೀರು ಕುಡಿಯಬೇಕಾಗುತ್ತದೆ. ಮನೆಯವರು ಮುದ್ದೆ ಬಿಡಿಸಿ ಅನ್ನ-ಸಾರು ಕೊಡುತ್ತಾರೆ, ಆಮೇಲೆ ಗಂಜಿ. ಆಸ್ಪತ್ರೆಗೆ ಹೊರಡುವ ಹೊತ್ತಿಗೆ ಗಂಜಿಯೂ ಇಳಿಯುತ್ತಿರುವುದಿಲ್ಲ. ಅನ್ನನಾಳದ ಕ್ಯಾನ್ಸರ್ ನುಂಗಲು ಅಡ್ಡಿ ಮಾಡುವಷ್ಟು ಬೆಳೆದಿದ್ದರೆ ಅದು ಸಾಮಾನ್ಯವಾಗಿ ಆರಂಭದ ಹಂತವನ್ನು ದಾಟಿರುತ್ತದೆ.

ಹೊಟ್ಟೆಯ ಕ್ಯಾನ್ಸರ್ ಇನ್ನೂ ಮೋಸದ್ದು. ನಾವು ಹೊಟ್ಟೆ ಉರಿ ಎನ್ನುವುದನ್ನು ತೆಲುಗಿನಲ್ಲಿ ಕಡುಪು ಮಂಟ ಎನ್ನುತ್ತಾರೆ. ಎರಡೂ ಭಾಷೆಯಲ್ಲಿ ಆ ಮಾತು ಮತ್ಸರಕ್ಕೂ ಸಲ್ಲುವುದರಿಂದಲೋ ಏನೋ, ಯಾರೂ ಅದನ್ನು ಕಾಯಿಲೆ ಎಂದು ಎಣಿಸುವುದಿಲ್ಲ. ಮೆಡಿಕಲ್ ಷಾಪಿನಲ್ಲಿ ಗ್ಯಾಸ್ ಮಾತ್ರೆ ಕೇಳಿ ತಿಂಗಳುಗಟ್ಟಲೆ ನುಂಗುತ್ತಾರೆ. ಮಾತ್ರೆಯಿಂದ ಉರಿ ಕಡಿಮೆಯಾಗುತ್ತದೆ, ಒಳಗಿನ ಗಡ್ಡೆ ಇದ್ದರೆ ಅದು ಹಾಗೇ ಇರುತ್ತದೆ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಸ್ಥಾಪನೆಯಾಯಿತು. ಅದು ನಡೆಸುವ ಬೆಂಗಳೂರು ನಗರದ ಕ್ಯಾನ್ಸರ್ ನೋಂದಣಿಯಲ್ಲಿ ಹೊಟ್ಟೆ ಮತ್ತು ಅನ್ನನಾಳದ ಕ್ಯಾನ್ಸರ್‌ಗಳು ಬಹಳ ಕಾಲದಿಂದ ಗಂಡಸರ ಪಟ್ಟಿಯ ಮೇಲ್ಭಾಗದಲ್ಲೇ ಇವೆ. ತಂಬಾಕು, ಎಲೆ-ಅಡಿಕೆ, ಮದ್ಯ ಅನ್ನನಾಳಕ್ಕೆ ಶತ್ರುಗಳು. ಹೊಟ್ಟೆಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ದೊಡ್ಡ ಕಾರಣ. ಇದನ್ನು ಪತ್ತೆ ಹಚ್ಚಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಔಷಧಿಯಿಂದ ಇದನ್ನು ಹೋಗಲಾಡಿಸಬಹುದು.

ಈ ಎರಡೂ ಕ್ಯಾನ್ಸರ್ ಸಾಮಾನ್ಯವಾಗಿ ಒಳಪದರದಲ್ಲಿ ಹುಟ್ಟುತ್ತವೆ. ಆಗ ನೋವಿರುವುದಿಲ್ಲ. ಕ್ಯಾಮೆರಾದಲ್ಲಿ ನೋಡಿದರೂ ಸ್ವಲ್ಪ ಕೆಂಪಾದ ಅಥವಾ ಬಿಳಿಚಿದ ಜಾಗದಂತೆ ಕಾಣಬಹುದು, ಅಷ್ಟೆ. ಸಾಮಾನ್ಯ ಎಂಡೋಸ್ಕೋಪಿಯಲ್ಲಿ ವೈದ್ಯರು ಅಂಥ ಜಾಗದಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ತೆಲುಗಿನವರು ಮುಕ್ಕ ಪರೀಕ್ಷ ಎನ್ನುವುದು ಇದನ್ನೇ. ವರದಿ ಬರಲು ಕೆಲವು ದಿನ ಬೇಕು. ತೆಗೆದ ಚೂರು ಸರಿಯಾದ ಜಾಗದ್ದಲ್ಲದಿದ್ದರೆ ಕಾಯಿಲೆ ತಪ್ಪಿಸಿಕೊಳ್ಳುತ್ತದೆ.

ಇಲ್ಲಿಗೆ ಬಂದದ್ದು ಕಾನ್‌ಫೋಕಲ್ ಲೇಸರ್ ಎಂಡೋಮೈಕ್ರೋಸ್ಕೋಪಿ. ಚೂರನ್ನು ಸೂಕ್ಷ್ಮದರ್ಶಕದ ಬಳಿಗೆ ಒಯ್ಯುವ ಬದಲು ಸೂಕ್ಷ್ಮದರ್ಶಕವನ್ನೇ ಹೊಟ್ಟೆಯೊಳಗೆ ಕಳಿಸುವ ವಿಧಾನ. ಜರ್ಮನಿಯ ಮೈಂಜ್ ನಗರದ ವೈದ್ಯರು ಇದರ ಮೊದಲ ಫಲಿತಾಂಶಗಳನ್ನು 2004ರಲ್ಲಿ ಪ್ರಕಟಿಸಿದರು. ಮೊದಲಿಗೆ ಪೆಂಟಾಕ್ಸ್ ಕಂಪನಿ ಎಂಡೋಸ್ಕೋಪಿನ ತುದಿಯಲ್ಲೇ ಇದನ್ನು ಕೂರಿಸಿತ್ತು. ಆ ಮಾದರಿ ಈಗ ಮಾರಾಟದಲ್ಲಿಲ್ಲ. ಈಗ ಬಳಕೆಯಲ್ಲಿರುವುದು ಸಾಮಾನ್ಯ ಎಂಡೋಸ್ಕೋಪಿನ ಒಳದಾರಿಯಲ್ಲಿ ತೂರಿಸುವ ತೆಳ್ಳನೆಯ ತಂತಿಯಂಥ ಪ್ರೋಬ್.

ಕೆಲಸ ನಡೆಯುವುದು ಹೀಗೆ. ಕೈಯ ನರಕ್ಕೆ ಫ್ಲೋರೆಸೀನ್ ಎಂಬ ಹಳದಿ ಬಣ್ಣದ ಇಂಜೆಕ್ಷನ್ ಕೊಡುತ್ತಾರೆ. ರಕ್ತದ ಮೂಲಕ ಅದು ಒಳಪದರವನ್ನು ಸೇರುತ್ತದೆ. ಪ್ರೋಬ್‌ನಿಂದ ನೀಲಿ ಲೇಸರ್ ಬೆಳಕು ಬಿದ್ದಾಗ ಬಣ್ಣ ಹೊಳೆಯುತ್ತದೆ. ಹಾಗೆ ಹೊಳೆದು ಹಿಂದಿರುಗುವ ಬೆಳಕಿನಲ್ಲಿ ಬೇಕಾದ ಆಳದ್ದನ್ನು ಮಾತ್ರ ಸೂಜಿಮೊನೆಯಂಥ ರಂಧ್ರದ ಮೂಲಕ ಒಳಬಿಟ್ಟು, ಉಳಿದದ್ದನ್ನು ತಡೆಯುತ್ತಾರೆ. ಆದ್ದರಿಂದ ಚಿತ್ರ ಮಸುಕಾಗದೆ, ಜೀವಕೋಶಗಳ ಸಾಲು, ಗ್ರಂಥಿಗಳ ಆಕಾರ, ಸಣ್ಣ ರಕ್ತನಾಳಗಳು ಪರದೆಯ ಮೇಲೆ ಕಾಣುತ್ತವೆ. ಆರೋಗ್ಯವಾದ ಕಡೆ ಗ್ರಂಥಿಗಳು ಒಂದೇ ಸಮನಾಗಿರುತ್ತವೆ. ಕ್ಯಾನ್ಸರ್ ಇದ್ದಲ್ಲಿ ಸಾಲು ಕೆಟ್ಟು, ಕಪ್ಪಾಗಿ, ಅಡ್ಡಾದಿಡ್ಡಿಯಾಗಿರುತ್ತವೆ. ರಂಧ್ರದ ಈ ಉಪಾಯಕ್ಕೆ ಅಮೆರಿಕದ ಮಾರ್ವಿನ್ ಮಿನ್‌ಸ್ಕಿ 1957ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಆತ ಮುಂದೆ ಹೆಸರಾದದ್ದು ಮಾತ್ರ ಕೃತಕ ಬುದ್ಧಿಮತ್ತೆಯ ವಿಜ್ಞಾನಿಯಾಗಿ.

ಇಂಜೆಕ್ಷನ್ ಆದ ಮೇಲೆ ಸ್ವಲ್ಪ ಹೊತ್ತು ಚರ್ಮ, ಒಂದು ದಿನದವರೆಗೆ ಮೂತ್ರ ಹಳದಿಯಾಗಬಹುದು. ಅದು ಕಾಮಾಲೆ ಅಲ್ಲ. ಅಪರೂಪಕ್ಕೆ ಅಲರ್ಜಿ ಆಗುವುದುಂಟು. ಹಿಂದೆ ಯಾವುದಾದರೂ ಇಂಜೆಕ್ಷನ್ ಒಗ್ಗದಿದ್ದರೆ ಮೊದಲೇ ಹೇಳಬೇಕು.

ಕೊರತೆಯೂ ಇದೆ. ಪ್ರೋಬ್ ಒಂದು ಸಲಕ್ಕೆ ನೋಡುವ ಜಾಗ ಮಿಲಿಮೀಟರಿನ ಕಾಲು ಭಾಗದ ಆಸುಪಾಸು. ಎರಡೆಕರೆ ಕಡಲೆಕಾಯಿ ಹೊಲದಲ್ಲಿ ಒಂದು ಗಿಡದ ಒಂದು ಎಲೆ ತಿರುವಿ ನೋಡಿದಂತೆ. ರೋಗ ಬಿದ್ದ ಗಿಡ ಯಾವ ಸಾಲಿನಲ್ಲಿದೆ ಎಂದು ಮೊದಲು ಗೊತ್ತಿರಬೇಕು. ಹಾಗಾಗಿ ಅನುಮಾನದ ಜಾಗವನ್ನು ಸಾಮಾನ್ಯ ಕ್ಯಾಮೆರಾ ಅಥವಾ ಎನ್‌ಬಿಐ ಎಂಬ ನೀಲಿ-ಹಸಿರು ಬೆಳಕಿನಲ್ಲಿ ಗುರುತಿಸುತ್ತಾರೆ, ಅನ್ನನಾಳವಾದರೆ ಅಯೋಡಿನ್ ದ್ರಾವಣ ಸಿಂಪಡಿಸಿಯೂ ನೋಡುತ್ತಾರೆ. ಚಿಕಿತ್ಸೆಗೆ ಮುನ್ನ ಬಯಾಪ್ಸಿ ವರದಿಯೇ ಕೊನೆಯ ಮಾತು. ಯಂತ್ರದ ಬೆಲೆ ಹೆಚ್ಚು, ಚಿತ್ರ ಓದಲು ತರಬೇತಿ ಬೇಕು, ಆದ್ದರಿಂದ ಇದು ಹೆಚ್ಚಾಗಿ ದೊಡ್ಡ ನಗರಗಳ ಕೆಲವೇ ಕೇಂದ್ರಗಳಲ್ಲಿರುವಂಥದ್ದು.

ಹೊಸ ಯಂತ್ರ ಸಿಗಲಿ ಎಂದು ಯಾರೂ ಕಾಯಬೇಕಿಲ್ಲ. ಮುದ್ದೆ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮಲ ಡಾಂಬರಿನಂತೆ ಕಪ್ಪಾಗುವುದು, ಪದೇ ಪದೇ ವಾಂತಿ, ರಕ್ತಹೀನತೆ — ಇವುಗಳಲ್ಲಿ ಒಂದಿದ್ದರೂ ಸಾಮಾನ್ಯ ಎಂಡೋಸ್ಕೋಪಿ ಬೇಗ ಆಗಬೇಕು. ರಾತ್ರಿ ಊಟದ ನಂತರ ಖಾಲಿ ಹೊಟ್ಟೆಯಲ್ಲಿದ್ದು ಬೆಳಿಗ್ಗೆ ಹೋದರೆ, ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು ಕೆಲವೇ ನಿಮಿಷದಲ್ಲಿ ಮುಗಿಸುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ತಿಳಿಸಬೇಕು. ಆರಂಭದಲ್ಲೇ ಸಿಕ್ಕ ಎಷ್ಟೋ ಕ್ಯಾನ್ಸರ್‌ಗಳನ್ನು ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿನಿಂದಲೇ ಸುಲಿದು ತೆಗೆಯಲು ಸಾಧ್ಯ.

ಗಡಿಯವರಿಗೆ ಇನ್ನೊಂದು ತೊಡಕು ಕಾರ್ಡಿನದು. ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ, ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಎರಡೂ ಆಂಧ್ರದವೇ ಆದ್ದರಿಂದ ಕರ್ನಾಟಕದ ಆರೋಗ್ಯ ಕಾರ್ಡ್ ಇವರಿಗಿಲ್ಲ. 2007ರಲ್ಲಿ ಆರೋಗ್ಯಶ್ರೀ ಎಂದು ಶುರುವಾದ ಆಂಧ್ರದ ಯೋಜನೆಯನ್ನು 2019ರಲ್ಲಿ ಬೆಂಗಳೂರಿನ ಕೆಲವು ಆಸ್ಪತ್ರೆಗಳಿಗೂ ವಿಸ್ತರಿಸಲಾಯಿತು. ಆಸ್ಪತ್ರೆಗಳ ಪಟ್ಟಿ ಬದಲಾಗುತ್ತಿರುವುದರಿಂದ ಬಸ್ ಹತ್ತುವ ಮುನ್ನ ಆರೋಗ್ಯಮಿತ್ರರ ಬಳಿ ವಿಚಾರಿಸುವುದು ಲೇಸು. ಅನಂತಪುರದಲ್ಲೋ ಬಳ್ಳಾರಿಯಲ್ಲೋ ಬಯಾಪ್ಸಿ ಆಗಿದ್ದರೆ ವರದಿಯ ಹಾಳೆಯೊಂದೇ ಸಾಲದು. ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕನ್ನೂ ಕೇಳಿ ಪಡೆದುಕೊಂಡರೆ ಬೆಂಗಳೂರಿನಲ್ಲಿ ಮತ್ತೆ ಚೂರು ತೆಗೆಸಿಕೊಳ್ಳುವುದು ಎಷ್ಟೋ ಸಲ ತಪ್ಪುತ್ತದೆ.