ಬಾಂಬ್ ಬಿದ್ದ ನಾಗಸಾಕಿಗೂ ಅಮೆರಿಕದ ಸೇಂಟ್ ಪಾಲ್‌ಗೂ ಗೆಳೆತನ!

ಸಿಸ್ಟರ್ ಸಿಟಿ ಅಂದ್ರೆ ಬೇರೆ ಬೇರೆ ದೇಶದ ಎರಡು ಊರುಗಳು ಮಾಡಿಕೊಳ್ಳೋ ಗೆಳೆತನದ ಒಪ್ಪಂದ. ಅಮೆರಿಕ-ಜಪಾನ್ ನಡುವೆ ಇಂಥ ಮೊದಲ ಜೋಡಿ ಸೇಂಟ್ ಪಾಲ್ ಮತ್ತು ನಾಗಸಾಕಿ. ಶುರುವಾಗಿದ್ದು 1955ರ ಡಿಸೆಂಬರ್ 7ರಂದು. 1941ರಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ್ದೂ ಅದೇ ತಾರೀಕು. ನಾಗಸಾಕಿಗೆ ಅಮೆರಿಕ ಅಣುಬಾಂಬ್ ಹಾಕಿ ಆಗಿನ್ನೂ ಹತ್ತೇ ವರ್ಷ. ಕೈ ಕುಲುಕೋದು ಇಬ್ಬರಿಗೂ ಸುಲಭ ಇರಲಿಲ್ಲ ಬಿಡಿ.

ಸೇಂಟ್ ಪಾಲ್‌ನ ಕೋಮೋ ಪಾರ್ಕ್‌ನಲ್ಲಿ ಜಪಾನಿ ತೋಟವಿದೆ. ಅದನ್ನು ರೂಪಿಸಿದವರು ನಾಗಸಾಕಿಯ ಮಸಾಮಿ ಮಾತ್ಸುದಾ. ಆಗಸ್ಟ್‌ನಲ್ಲಿ ಪಾರ್ಕ್‌ನಲ್ಲಿ ಓಬೊನ್ ಹಬ್ಬ. ನಮ್ಮ ಪಿತೃಪಕ್ಷದ ಹಾಗೆ ಹಿರಿಯರನ್ನು ನೆನೆಯೋ ಹಬ್ಬ ಅದು. ಕತ್ತಲಾಗ್ತಿದ್ದಂತೆ ನೀರಿನ ಮೇಲೆ ಕಾಗದದ ದೀಪ ತೇಲಿಬಿಡ್ತಾರೆ.

ಸೇಂಟ್ ಪಾಲ್ 1992ರಲ್ಲಿ ಕೊಟ್ಟ ಶಿಲ್ಪ ನಾಗಸಾಕಿಯ ಶಾಂತಿ ಉದ್ಯಾನದಲ್ಲಿದೆ. ಅದರಲ್ಲಿರೋ ಏಳು ಮನುಷ್ಯಾಕೃತಿಗಳು ಏಳು ಖಂಡಗಳ ಗುರುತು.