ಅಡ್ಯಾರ್ (ಚೆನ್ನೈ)

ಅಡ್ಯಾರ್: ಚೆನ್ನೈನ ದಕ್ಷಿಣ ಭಾಗದ ಬಡಾವಣೆ, ಅದೇ ಹೆಸರಿನ ನದಿ ಬಂಗಾಳ ಕೊಲ್ಲಿಗೆ ಸೇರುವ ಅಳಿವೆಯ ದಕ್ಷಿಣ ದಂಡೆಯಲ್ಲಿದೆ. (ಮಂಗಳೂರಿನ ಬಳಿ ನೇತ್ರಾವತಿ ತೀರದಲ್ಲಿರುವ ಅಡ್ಯಾರ್ ಬೇರೆ.) ಇತಿಹಾಸದಲ್ಲಿ ಈ ಹೆಸರು ಮೊದಲು ಜೋರಾಗಿ ಕೇಳಿಬಂದದ್ದು ಕಾಳಗದಿಂದ. 1746ರಲ್ಲಿ ಮದರಾಸನ್ನು ಹಿಡಿದಿದ್ದ ಫ್ರೆಂಚರ ನೆರವಿಗೆ ಪುದುಚೇರಿಯಿಂದ ಬಂದ ಸೇನಾಧಿಕಾರಿ ಪಾರಾದಿಯ ಪಡೆಯಲ್ಲಿದ್ದವರು ಸಾವಿರದಷ್ಟು ಮಂದಿ. ಅವರು ನದಿಯನ್ನು ಹಾಯ್ದು, ಆರ್ಕಾಟಿನ ನವಾಬನ ಮಗ ಮಹಫೂಜ್ ಖಾನನ ಹತ್ತು ಸಾವಿರದಷ್ಟಿದ್ದ ಸೈನ್ಯವನ್ನು ಚದುರಿಸಿದರು. ಕವಾಯತು ಕಲಿತ ಸಣ್ಣ ಪಡೆ ದೊಡ್ಡ ದಂಡನ್ನು ಸೋಲಿಸಬಲ್ಲದೆಂದು ಇಲ್ಲಿ ಸಾಬೀತಾಯಿತು. ಆದರೆ ಊರಿನ ರೂಪ ಅದರಿಂದೇನೂ ಬದಲಾಗಲಿಲ್ಲ. 1749ರಲ್ಲಿ ಮದರಾಸು ಇಂಗ್ಲಿಷರಿಗೆ ಮರಳಿತು.

ಇಂದಿನ ಅಡ್ಯಾರನ್ನು ರೂಪಿಸಿದ್ದು ಸಂಸ್ಥೆಗಳು. ನಗರ ಬೆಳೆದಂತೆ ಈ ಊರೂ ತಾನಾಗಿ ಬೆಳೆಯಿತು, ನದಿಗೆ ಕಟ್ಟಿದ ಸೇತುವೆಯೇ ಅದಕ್ಕೆ ಕಾರಣ ಎಂದು ವಾದಿಸಬಹುದು. ಆದರೆ ಎಲ್ಫಿನ್‌ಸ್ಟನ್ ಸೇತುವೆ ಬಂದು ದಶಕಗಳು ಕಳೆದರೂ ಇಲ್ಲಿದ್ದದ್ದು ಹೆಚ್ಚಾಗಿ ಸಾಹೇಬರ ತೋಟದ ಬಂಗಲೆಗಳೇ. ಬ್ಲಾವಟ್‌ಸ್ಕಿ, ಆಲ್ಕಾಟ್ ಅವರ ಥಿಯಸಾಫಿಕಲ್ ಸೊಸೈಟಿ 1882ರಲ್ಲಿ ಅಂಥದೊಂದು ತೋಟ, ಹಡಲ್‌ಸ್ಟನ್ ಗಾರ್ಡನ್ಸ್ ಅನ್ನು ಕೊಂಡು ತನ್ನ ಕೇಂದ್ರ ಮಾಡಿಕೊಂಡಿತು. 1886ರಲ್ಲಿ ಅಡ್ಯಾರ್ ಗ್ರಂಥಾಲಯ ತೆರೆಯಿತು. 1907ರಿಂದ 1933ರವರೆಗೆ ಆನಿ ಬೆಸೆಂಟ್ ಸೊಸೈಟಿಯ ಅಧ್ಯಕ್ಷೆಯಾಗಿದ್ದ ಕಾಲದಲ್ಲಿ ಅಡ್ಯಾರ್ ಹೋಂ ರೂಲ್ ರಾಜಕೀಯದ ಕೇಂದ್ರವೂ ಆಯಿತು. ಬೆಂಗಳೂರು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನ ಬೇರೂ ಅವರ ರಾಷ್ಟ್ರೀಯ ಶಿಕ್ಷಣದ ಯೋಜನೆಯಲ್ಲೇ ಇದೆ. ಸೊಸೈಟಿಯ ಬಳಗದಲ್ಲೇ ಬೆಳೆದ ರುಕ್ಮಿಣಿದೇವಿ 1936ರಲ್ಲಿ ನೃತ್ಯ-ಸಂಗೀತದ ಸಂಸ್ಥೆ ಕಲಾಕ್ಷೇತ್ರವನ್ನು ಕಟ್ಟಿದರು. 1948ರಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಬಂತು. 1954ರಲ್ಲಿ ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ ಕ್ಯಾನ್ಸರ್ ಆಸ್ಪತ್ರೆ ಶುರುವಾಯಿತು.

ಇವೆಲ್ಲ ಉಳ್ಳವರ, ವಿದೇಶಿಯರ ಬೇಲಿಯೊಳಗಿನ ಲೋಕ ಎಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ಸೊಸೈಟಿಗಿಂತ ಹಳೆಯದಾದ ಊರೂರು ಕುಪ್ಪಂ ಎಂಬ ಮೀನುಗಾರರ ಹಳ್ಳಿ ಈ ಕಥನಗಳಲ್ಲಿ ಅಪರೂಪಕ್ಕೆ ಕಾಣಿಸುತ್ತದೆ. ಆದರೂ 1894ರಲ್ಲಿ ದಲಿತ ಮಕ್ಕಳಿಗೆಂದು ಉಚಿತ ಶಾಲೆ ತೆರೆದವರು ಇದೇ ಆಲ್ಕಾಟ್. ಬಡರೋಗಿಗಳನ್ನು ಬರಿಗೈಯಲ್ಲಿ ಕಳಿಸದ ಹೆಸರು ಕ್ಯಾನ್ಸರ್ ಆಸ್ಪತ್ರೆಗೂ ಇದೆ. ಇನ್ನೊಂದು ಮಾತು: ಸುತ್ತಲ ಜಾಗವೆಲ್ಲ ನಿವೇಶನಗಳಾದಾಗಲೂ ಸೊಸೈಟಿಯ ಇನ್ನೂರೈವತ್ತಕ್ಕೂ ಹೆಚ್ಚು ಎಕರೆ ಹಸಿರಾಗಿ ಉಳಿದದ್ದು ಆ ಬೇಲಿಯಿಂದಲೇ. ಅಲ್ಲಿನ ಪ್ರಸಿದ್ಧ ಆಲದ ತಾಯಿಕಾಂಡ 1989ರ ಬಿರುಗಾಳಿಗೆ ಉರುಳಿತು. ಬಿಳಲುಗಳು ಮರವನ್ನು ಉಳಿಸಿವೆ.

ನದಿಯನ್ನು ಮಾತ್ರ ಯಾವ ಸಂಸ್ಥೆಯೂ ಕಾಯಲಿಲ್ಲ. ಕೊಳಚೆಯೂ ಒತ್ತುವರಿಯೂ ಅದನ್ನು ಕಟ್ಟಿಹಾಕಿದ್ದವು. 2015ರ ಡಿಸೆಂಬರಿನಲ್ಲಿ ಭಾರೀ ಮಳೆಯೊಡನೆ ಚೆಂಬರಂಬಾಕ್ಕಂ ಜಲಾಶಯದ ನೀರೂ ಸೇರಿ ದಂಡೆಯ ಬಡಾವಣೆಗಳು ಮುಳುಗಿದವು. ಅಳಿವೆಯ ಹಿನ್ನೀರಿನಲ್ಲಿ 2011ರಲ್ಲಿ ತೆರೆದ 58 ಎಕರೆಯ ಪರಿಸರ ಉದ್ಯಾನ ತೊಲ್ಕಾಪ್ಪಿಯ ಪೂಂಗಾ ಒಳ್ಳೆಯ ಕೆಲಸವೇ, ಆದರೆ ಇಡೀ ನದಿಗೆ ಅದು ಸಾಲದು. ಊರಿನ ಹೆಸರು ಇಂದು ನಗರಾಡಳಿತದಲ್ಲೂ ಇದೆ: ಗ್ರೇಟರ್ ಚೆನ್ನೈ ಕಾರ್ಪೊರೇಷನ್ನಿನ 13ನೆಯ ವಲಯಕ್ಕೆ ಅಡ್ಯಾರ್ ಎಂದೇ ಹೆಸರು.