ಶಾಲೆಯ ಆಪ್ತಸಲಹೆ: ಒಂದು ಪೂರ್ವೇತಿಹಾಸ

ಜಾರ್ಜ್‌ಟೌನ್‌ನಿಂದ ಫ್ರೆಡರಿಕ್‌ಗೆ ಸಾಗುವ ಪುರಾತನ ಮಾರ್ಗದಲ್ಲಿ ವರ್ತಕರ ನೆಲೆಯಾಗಿ ಬೆಳೆದು, ಇಂದು ಅನೇಕ ಭಾರತೀಯ ಕುಟುಂಬಗಳಿಗೆ ಆಶ್ರಯವಿತ್ತಿರುವ ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ನಲ್ಲಿ 2006ರಲ್ಲಿ ಪ್ರೌಢಶಾಲೆಯು ಆರಂಭವಾಗುವ ವೇಳೆಗೆ, ಆಪ್ತಸಲಹೆಗಾರರ ಹುದ್ದೆಯು ಅಮೆರಿಕೆಯ ಶಾಲೆಗಳಲ್ಲಿ ಶತಮಾನದಷ್ಟು ದೀರ್ಘವಾದ ದಾರಿಯನ್ನು ಕ್ರಮಿಸಿದ್ದಿತು.

1908ರಲ್ಲಿ ಫ್ರಾಂಕ್ ಪಾರ್ಸನ್ಸರು ಬಾಸ್ಟನ್ನಿನಲ್ಲಿ ತರುಣರಿಗಾಗಿ ಸ್ಥಾಪಿಸಿದ ವೃತ್ತಿಮಾರ್ಗದರ್ಶನ ಕೇಂದ್ರದ ಚಿಂತೆಯು ಜೀವನೋಪಾಯವೇ ಹೊರತು ಅಂತರಂಗದ ವೇದನೆಯಾಗಿರಲಿಲ್ಲ. 1957ರಲ್ಲಿ ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಉಪಗ್ರಹವು ಗಗನಕ್ಕೇರಲು, ಮರುವರ್ಷವೇ ಅಂಗೀಕೃತವಾದ ರಾಷ್ಟ್ರರಕ್ಷಣಾ ಶಿಕ್ಷಣ ಕಾಯಿದೆಯು ಸಲಹೆಗಾರರ ತರಬೇತಿಗೆ ಧನವನ್ನೊದಗಿಸಿತಾದರೂ, ಅದರ ಲಕ್ಷ್ಯವು ವಿಜ್ಞಾನಕ್ಕೆ ಯೋಗ್ಯರಾದ ಪ್ರತಿಭಾವಂತರನ್ನು ಗುರುತಿಸುವುದಾಗಿತ್ತು. ನೊಂದ ಬಾಲಕನ ಮಾತನ್ನು ಆಲಿಸುವ ಕರ್ತವ್ಯವು ಆ ಹುದ್ದೆಗೆ ಕ್ರಮೇಣ ಸೇರಿಕೊಂಡಿತು.

ನಮ್ಮ ನಾಡಿನಲ್ಲಿಯೂ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1954ರಲ್ಲಿಯೇ ಉದಯಿಸಿ, ಮುಂದೆ ನಿಮ್ಹಾನ್ಸ್‌ನ ಅಂಗವಾಯಿತು. ಆದರೂ ಗಂಡುಮಗ ಅಳಬಾರದೆಂಬ ಕಟ್ಟಳೆಯು ನಮ್ಮ ಮನೆಗಳಿಂದ ಮರೆಯಾಗಲಿಲ್ಲ. ಸಮುದ್ರವನ್ನು ದಾಟಿದ ಕುಟುಂಬಗಳೊಡನೆ ಅದೂ ದಾಟಿತು.

2022ರಲ್ಲಿ ಅಮೆರಿಕೆಯಲ್ಲಿ 988 ಎಂಬ ಮಾನಸಿಕ ಸಂಕಟದ ಸಹಾಯವಾಣಿಯೂ, ಭಾರತದಲ್ಲಿ ಅಂಥದೇ ಸೇವೆಯಾದ ಟೆಲಿ ಮಾನಸ್‌ನ 14416 ಎಂಬ ಸಂಖ್ಯೆಯೂ ಜಾರಿಗೆ ಬಂದವು. ವ್ಯವಸ್ಥೆಯು ಇಷ್ಟು ದೂರ ನಡೆದು ಬಂದಿರುವಾಗ, ಸಲಹೆಗಾರರ ಬಳಿಗೆ ಹೋದ ಹದಿಹರೆಯದ ಮಗನನ್ನು ದುರ್ಬಲನೆಂದು ಜರೆಯದೆ ವಿವೇಕಿಯೆಂದು ಗೌರವಿಸುವುದು ತಾಯಿತಂದೆಯರ ಪಾಲಿನ ಧರ್ಮವಾಗಿದೆ.